‘ಇಲ್ಲ’ ಎಂದು ಬರೆದ ಒಂದು ಕಾಲಂ

2018ರ ಮೇ 31ರಂದು ನಾನು 24 ವರ್ಷಗಳ ಸೈನ್ಯಸೇವೆಯನ್ನು ಮುಗಿಸಿ ಹವಾಲ್ದಾರನಾಗಿ ನಿವೃತ್ತನಾದೆ. ಹಾಸನ ಜಿಲ್ಲೆಯ ನಮ್ಮ ಊರಿಗೆ ಮರಳುವಾಗ ನನ್ನ ಕರಿ ಟ್ರಂಕಿನಲ್ಲಿ ಸಮವಸ್ತ್ರ, ಪದಕಗಳು ಮತ್ತು ಸೊಂಟಕ್ಕೆ ಬಿಗಿಯುವ ಒಂದು ಬೆಲ್ಟು ಇದ್ದವು. ಆ ಟ್ರಂಕನ್ನು ಬಸ್ಸಿನಿಂದ ಇಳಿಸಿಕೊಂಡವನು ನನ್ನ ತಮ್ಮ. ಅದನ್ನು ಎತ್ತುವ ಶಕ್ತಿ ನನ್ನ ಬೆನ್ನಿಗೆ ಆಗಲೇ ಇರಲಿಲ್ಲ. ಮೂರು ತಿಂಗಳ ನಂತರ ಅಂಚೆಯಲ್ಲಿ ಬಂದ ಪತ್ರವೊಂದು, ಆ ಬೆನ್ನುನೋವಿಗೂ ನನ್ನ ಸೇವೆಗೂ ಸಂಬಂಧವಿಲ್ಲವೆಂದೂ, ಆದ್ದರಿಂದ ಅಂಗವೈಕಲ್ಯ ಪಿಂಚಣಿಗೆ ನಾನು ಅರ್ಹನಲ್ಲವೆಂದೂ ತಿಳಿಸಿತು. ಅಲ್ಲಿಂದ 2023ರ ಮೇ ತಿಂಗಳಲ್ಲಿ ಪರಿಷ್ಕೃತ ಪಿಂಚಣಿ ಆದೇಶ ಕೈಸೇರುವವರೆಗೆ ನಡೆದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಹಾದಿಯಲ್ಲಿರುವ ಸೈನಿಕರು ನಮ್ಮ ಸುತ್ತಲಿನ ಹಳ್ಳಿಗಳಲ್ಲೇ ಹಲವರಿದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ನಾನು ಮಾಡಿದ ತಪ್ಪನ್ನೇ ಮಾಡಿದ್ದಾರೆ.

ನಾನು ಸೈನ್ಯದಲ್ಲಿ ಭಾರಿ ವಾಹನಗಳ ಚಾಲಕನಾಗಿದ್ದೆ. 2006ರಿಂದ 2008ರವರೆಗೆ ಲಡಾಖ್‌ನಲ್ಲಿದ್ದೆ. ಶ್ರೀನಗರದಿಂದ ಲೇಹ್‌ಗೆ 434 ಕಿಲೋಮೀಟರ್ ದಾರಿ. ನಡುವೆ 3,528 ಮೀಟರ್ ಎತ್ತರದ ಜೋಜಿಲಾ ಕಣಿವೆ ಸಿಗುತ್ತದೆ. ಆ ವರ್ಷಗಳಲ್ಲಿ ಚಳಿಗಾಲ ಬಂದರೆ ಹಿಮಪಾತದಿಂದ ಕಣಿವೆ ತಿಂಗಳುಗಟ್ಟಲೆ ಮುಚ್ಚಿರುತ್ತಿತ್ತು. ಹಾಗಾಗಿ ಮೇಲಿನ ಕಾವಲು ನೆಲೆಗಳಿಗೆ ಇಡೀ ಚಳಿಗಾಲಕ್ಕೆ ಬೇಕಾದ ಹಿಟ್ಟು, ಸೀಮೆಎಣ್ಣೆ, ಮದ್ದುಗುಂಡು ಎಲ್ಲವನ್ನೂ ಬೇಸಿಗೆಯ ಕೆಲವೇ ತಿಂಗಳುಗಳಲ್ಲಿ ಸಾಗಿಸಬೇಕಿತ್ತು. ಬೆಳಗಿನ ಜಾವ ಕಾನ್ವಾಯ್ ಹೊರಟರೆ ಸ್ಟ್ಯಾಲಿಯನ್ ಲಾರಿಯ ಸೀಟಿನಲ್ಲಿ ಹತ್ತು, ಹನ್ನೆರಡು ಗಂಟೆ ಕುಳಿತೇ ಇರಬೇಕು. ರಸ್ತೆಯ ಪ್ರತಿಯೊಂದು ಗುಂಡಿಯೂ ಸೀಟಿನ ಮೂಲಕ ನೇರವಾಗಿ ಸೊಂಟಕ್ಕೆ ಬಂದು ಬಡಿಯುತ್ತದೆ. ಬೆನ್ನೆಲುಬಿನ ಮಣಿಗಳ ನಡುವೆ ಇರುವ ಡಿಸ್ಕ್ ಎಂಬ ಮೆತ್ತೆ ಇಂಥ ಅದುರುವಿಕೆಯನ್ನು ಹೀರಿಕೊಳ್ಳಲೆಂದೇ ಇರುವುದು. ವರ್ಷಾನುಗಟ್ಟಲೆ ಹೀರಿಕೊಂಡು ಅದೇ ಸವೆಯುತ್ತದೆ. ಭಾರಿ ವಾಹನಗಳನ್ನು ಓಡಿಸುವವರಲ್ಲಿ ಸೊಂಟದ ತೊಂದರೆ ಹೆಚ್ಚು ಎಂಬುದು ವೈದ್ಯರಿಗೆ ಹೊಸ ವಿಷಯವಲ್ಲ.

2007ರ ಆಗಸ್ಟ್‌ನಲ್ಲಿ ಒಂದು ಸಂಜೆ, ಜೋಜಿಲಾ ದಾಟುವ ಮೊದಲೇ ನನ್ನ ಗಾಡಿಯ ಹಿಂದಿನ ಚಕ್ರ ಪಂಕ್ಚರ್ ಆಯಿತು. ಹಿಂದೆ ಇಡೀ ಕಾನ್ವಾಯ್ ನಿಂತಿತ್ತು, ಮಳೆ ಹಿಡಿದಿತ್ತು, ಒಂದು ಬದಿಗೆ ಕಮರಿ. ಕೋ-ಡ್ರೈವರ್ ಜೊತೆ ಸೇರಿ ಸ್ಟೆಪ್ನಿಯನ್ನು ಎತ್ತಿ ಕೂರಿಸುವಾಗ ಕೆಸರಿನಲ್ಲಿ ನನ್ನ ಕಾಲು ಜಾರಿತು, ಚಕ್ರದ ಭಾರವೆಲ್ಲ ಒಂದು ಕ್ಷಣ ನನ್ನ ಮೇಲೆಯೇ ಬಿತ್ತು. ಸೊಂಟದೊಳಗೆ ಏನೋ ಹರಿದಂತಾಗಿ, ಎಡ ತೊಡೆಯ ಹಿಂಭಾಗದಿಂದ ಪಾದದವರೆಗೆ ಬೆಂಕಿಯ ಗೆರೆ ಎಳೆದಂತೆ ನೋವು ಇಳಿಯಿತು. ಅಂದು ರಾತ್ರಿಯೂ ಗಾಡಿಯನ್ನು ನಾನೇ ಓಡಿಸಿದೆ. ಎರಡು ದಿನಗಳ ನಂತರ ಎಂಐ ರೂಮಿಗೆ, ಅಂದರೆ ಸೈನಿಕರನ್ನು ಪರೀಕ್ಷಿಸುವ ಚಿಕಿತ್ಸಾ ಕೊಠಡಿಗೆ, ಹೋದಾಗ ಒಂದು ಇಂಜೆಕ್ಷನ್, ಮಾತ್ರೆಗಳು ಮತ್ತು ಮೂರು ದಿನಗಳ ‘ಅಟೆಂಡ್ ಸಿ’, ಅಂದರೆ ಶ್ರಮದ ಕೆಲಸದಿಂದ ವಿನಾಯಿತಿ ಸಿಕ್ಕಿತು. ಗಾಯದ ವರದಿಯನ್ನು ಯಾರೂ ಬರೆಯಲಿಲ್ಲ. ಬರೆಯಿರಿ ಎಂದು ನಾನೂ ಕೇಳಲಿಲ್ಲ. ಸಾಮಾನು ಸಾಗಿಸುವ ತಿಂಗಳುಗಳಲ್ಲಿ ಚಾಲಕನೊಬ್ಬ ಮಲಗಿದರೆ ಅವನ ಪಾಲಿನ ದಾರಿಯನ್ನು ಇನ್ನೊಬ್ಬ ಚಾಲಕ ಓಡಿಸಬೇಕಾಗುತ್ತದೆ. ಆ ಸಂಕೋಚ ಸೈನಿಕನಿಗೆ ಯಾವ ನೋವಿಗಿಂತಲೂ ದೊಡ್ಡದು. ಅದು ತಪ್ಪು ಭಾವನೆ ಎಂದು ಇಂದಿಗೂ ನಾನು ಹೇಳಲಾರೆ. ಆದರೆ ಮುಂದೆ ನನಗೆ ಬೇಕಾಗುವ ಸಾಕ್ಷ್ಯವನ್ನು ನಾನೇ ಅಳಿಸಿಹಾಕುತ್ತಿದ್ದೇನೆ ಎಂಬುದು ಆಗ ತಿಳಿದಿರಲಿಲ್ಲ.

ಮುಂದಿನ ನಾಲ್ಕು ವರ್ಷ ನೋವು ಬಂದುಹೋಗುತ್ತಿತ್ತು. 2011ರಲ್ಲಿ ಶಾಂತಿ ಕ್ಷೇತ್ರದ, ಅಂದರೆ ಗಡಿ ಕಾವಲಿನಿಂದ ದೂರದ, ಕಂಟೋನ್‌ಮೆಂಟ್ ಒಂದರಲ್ಲಿದ್ದಾಗ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಎಂಆರ್‌ಐ ಮಾಡಿದಾಗ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ನಡುವಿನ ಡಿಸ್ಕ್ ಹೊರಕ್ಕೆ ಉಬ್ಬಿ ನರದ ಬೇರನ್ನು ಒತ್ತುತ್ತಿರುವುದು ಕಂಡಿತು. ಎಡಗಾಲಿನ ಹೆಬ್ಬೆರಳು ಮರಗಟ್ಟಿದ್ದು ಆಗಲೇ. ಅದಕ್ಕೆ ಇಂದಿಗೂ ಪೂರ್ತಿ ಸ್ಪರ್ಶಜ್ಞಾನ ಮರಳಿಲ್ಲ. ಶಸ್ತ್ರಚಿಕಿತ್ಸೆ ಬೇಡವೆಂದು ವಿಶ್ರಾಂತಿ, ವ್ಯಾಯಾಮ ಮತ್ತು ಔಷಧಗಳಲ್ಲೇ ಚಿಕಿತ್ಸೆ ನಡೆಯಿತು. ಮೊದಲು ತಾತ್ಕಾಲಿಕವಾಗಿ, ಮರುವರ್ಷ ಶಾಶ್ವತವಾಗಿ ನನ್ನನ್ನು ಕೆಳ ವೈದ್ಯಕೀಯ ವರ್ಗಕ್ಕೆ ಇಳಿಸಿದರು. ಭಾರ ಎತ್ತುವಂತಿಲ್ಲ, ಓಡುವಂತಿಲ್ಲ, ಎತ್ತರದ ಪ್ರದೇಶಕ್ಕೆ ಪೋಸ್ಟಿಂಗ್ ಇಲ್ಲ. ಸ್ಟೀರಿಂಗ್ ಬಿಟ್ಟು ಗ್ಯಾರೇಜಿನ ಲೆಕ್ಕಪುಸ್ತಕ ಹಿಡಿದೆ.

ನಿವೃತ್ತಿಗೆ ಐದು ತಿಂಗಳ ಮೊದಲು ಬಿಡುಗಡೆಯ ವೈದ್ಯಕೀಯ ಮಂಡಳಿಯ ಮುಂದೆ ಹಾಜರಾದೆ. ಕೆಳ ವರ್ಗದಲ್ಲಿದ್ದು ನಿವೃತ್ತನಾಗುವ ಪ್ರತಿ ಸೈನಿಕನಿಗೂ ಈ ಮಂಡಳಿ ಇರುತ್ತದೆ; ಪಿಂಚಣಿಯ ಮಟ್ಟಿಗೆ ಅವನ ಇಡೀ ಸೇವೆಯಲ್ಲಿ ಇದಕ್ಕಿಂತ ಮುಖ್ಯವಾದ ದಿನವಿಲ್ಲ. ಅದರ ನಮೂನೆಯ ಮೊದಲ ಭಾಗ ಸೈನಿಕನ ಸ್ವಂತ ಹೇಳಿಕೆ. ಎಲ್ಲೆಲ್ಲಿ ಸೇವೆ ಸಲ್ಲಿಸಿದೆ, ಅದು ಶಾಂತಿ ಕ್ಷೇತ್ರವೋ ಫೀಲ್ಡ್ ಕ್ಷೇತ್ರವೋ, ಸೇರುವ ಮೊದಲು ಈ ಕಾಯಿಲೆ ಇತ್ತೇ ಎಂಬ ಪ್ರಶ್ನೆಗಳ ಜೊತೆಗೆ, ನಿನ್ನ ಅಂಗವೈಕಲ್ಯಕ್ಕೆ ಸೇವೆಯೇ ಕಾರಣವೆಂದು ನೀನು ಭಾವಿಸುವುದಾದರೆ ವಿವರಿಸು ಎಂಬ ಒಂದು ಕಾಲಂ ಅಲ್ಲಿದೆ. ನಮೂನೆ ತುಂಬಿಸುತ್ತಿದ್ದ ಗುಮಾಸ್ತ, “ಇಲ್ಲಿ ‘ಇಲ್ಲ’ ಅಂತ ಬರೆಯಿರಿ, ಎಲ್ಲರೂ ಹಾಗೇ ಬರೆಯುತ್ತಾರೆ, ಇಲ್ಲದಿದ್ದರೆ ಕಾಗದ ವಾಪಸ್ ಬಂದು ನಿಮ್ಮ ಬಿಡುಗಡೆಯೇ ತಡವಾಗುತ್ತದೆ” ಎಂದ. ನಾನು ‘ಇಲ್ಲ’ ಎಂದು ಬರೆದು ಸಹಿ ಮಾಡಿದೆ. ಜೋಜಿಲಾದ ಕೆಸರು, ಆ ಚಕ್ರ, ಹನ್ನೆರಡು ಗಂಟೆಗಳ ಸೀಟು, ಎಲ್ಲವೂ ಆ ಒಂದು ಪದದ ಕೆಳಗೆ ಹೂತುಹೋದವು.

ಮಂಡಳಿ ನನ್ನನ್ನು ಮಲಗಿಸಿ ಕಾಲು ಎತ್ತಿಸಿ ನೋಡಿತು, ಎಂಆರ್‌ಐ ಫಿಲ್ಮುಗಳನ್ನು ನೋಡಿತು. ಅಂಗವೈಕಲ್ಯ 20 ಪ್ರತಿಶತ, ಜೀವನಪರ್ಯಂತ ಎಂದು ನಮೂದಿಸಿತು. ಆದರೆ ಕಾಯಿಲೆಯು ಸೇವೆಯಿಂದ ಉಂಟಾದದ್ದೂ ಅಲ್ಲ, ಸೇವೆಯಿಂದ ಉಲ್ಬಣಗೊಂಡದ್ದೂ ಅಲ್ಲ ಎಂಬ ಅಭಿಪ್ರಾಯವನ್ನೂ ಕೆಳಗೇ ಬರೆಯಿತು. ಇಂಗ್ಲಿಷಿನ ಆ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಸೈನ್ಯದಲ್ಲಿ ಇದನ್ನು ‘ನಾನಾ’ ಎನ್ನುತ್ತಾರೆ. ನನಗೆ ಕೊಟ್ಟ ಕಾರಣ ಒಂದೇ ಸಾಲಿನದು: ರೋಗ ಕಾಣಿಸಿಕೊಂಡದ್ದು ಶಾಂತಿ ಕ್ಷೇತ್ರದಲ್ಲಿ. ರೋಗ ಪತ್ತೆಯಾದ ಜಾಗವನ್ನೇ ರೋಗ ಹುಟ್ಟಿದ ಜಾಗವೆಂದು ಬರೆದುಬಿಟ್ಟರು. ಡಿಸ್ಕ್ ಒಂದು ದಿನದಲ್ಲಿ ಸವೆಯುವುದಿಲ್ಲ ಎಂಬುದನ್ನು ವೈದ್ಯರಿಗೆ ಚಾಲಕನೊಬ್ಬ ಹೇಳಬೇಕಾಗಿ ಬಂದದ್ದು ಇಡೀ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಸಂಗತಿ.

ನಿರಾಕರಣೆಯ ಪತ್ರ ಬಂದಾಗ ಅದನ್ನು ಟ್ರಂಕಿನಲ್ಲಿಟ್ಟು ಸುಮ್ಮನಾಗುವುದರಲ್ಲಿದ್ದೆ. “ರೀ, ಕೊಡೋದಿಲ್ಲ ಅಂದರೆ ಬೇಡ ಬಿಡಿ. ಆದರೆ ನಿಮ್ಮ ನೋವು ಅಲ್ಲಿಂದ ಬಂದದ್ದಲ್ಲ ಅಂತ ಬರೆದಿದ್ದಾರಲ್ಲ, ಅದನ್ನು ಹೇಗೆ ಒಪ್ಪಿಕೊಳ್ಳುತ್ತೀರಿ?” ಎಂದು ಕೇಳಿದವಳು ನನ್ನ ಹೆಂಡತಿ. ಅವಳ ಒತ್ತಾಯಕ್ಕೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋದೆ. ಅಲ್ಲಿ ಪರಿಚಯವಾದ ನಿವೃತ್ತ ಸುಬೇದಾರ್ ಸಾಹೇಬರೊಬ್ಬರು ಪತ್ರವನ್ನು ಎರಡು ಸಲ ಓದಿ, “ಹವಾಲ್ದಾರ್ರೇ, ಮೊದಲು ನಿಮ್ಮ ಕಾಗದಗಳನ್ನು ತರಿಸಿಕೊಳ್ಳಿ. ಏನು ಬರೆದಿದ್ದಾರೆ ಅಂತ ಗೊತ್ತಿಲ್ಲದೆ ಮೇಲ್ಮನವಿ ಬರೆದರೆ ಅದು ಬರೀ ಅಳಲು ಆಗುತ್ತದೆ” ಎಂದರು. ಆ ಮಾತಿನಿಂದಲೇ ನನ್ನ ಪ್ರಕರಣ ನಿಜವಾಗಿ ಆರಂಭವಾಯಿತು.

2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಹಾಕಿದೆ. ಸೇರ್ಪಡೆಯ ವೈದ್ಯಕೀಯ ಪರೀಕ್ಷೆಯ ವರದಿ, ಎಲ್ಲ ವರ್ಗೀಕರಣ ಮಂಡಳಿಗಳ ನಡವಳಿ, ಬಿಡುಗಡೆ ಮಂಡಳಿಯ ಪೂರ್ಣ ನಮೂನೆ, 2011ರ ಆಸ್ಪತ್ರೆಯ ಕೇಸ್ ಶೀಟ್, ನನ್ನ ಪೋಸ್ಟಿಂಗ್‌ಗಳ ಪಟ್ಟಿ, ಇವುಗಳ ಪ್ರತಿಯನ್ನು ಒಂದೊಂದಾಗಿ ಹೆಸರಿಸಿ ಕೇಳಿದೆ. ‘ನನ್ನ ಎಲ್ಲ ದಾಖಲೆಗಳು’ ಎಂದಷ್ಟೇ ಬರೆದಿದ್ದರೆ ಏನು ಬರುತ್ತಿತ್ತೋ ಹೇಳಲಾರೆ. 2007ರ ಎಂಐ ರೂಮಿನ ಚೀಟಿ ಸಿಗಲಿಲ್ಲ, ಅಷ್ಟು ಹಳೆಯದು ಉಳಿದಿಲ್ಲ ಎಂಬ ಉತ್ತರ ಬಂತು. ಅದನ್ನು ಓದಿ ಎದೆ ಕುಸಿಯಿತು. ಆದರೆ 2011ರ ಕೇಸ್ ಶೀಟಿನ ಮೊದಲ ಪುಟದಲ್ಲಿ, ರೋಗದ ಹಿನ್ನೆಲೆ ಎಂಬ ತಲೆಬರಹದ ಕೆಳಗೆ, ಕೈಬರಹದಲ್ಲಿ ಒಂದು ಸಾಲಿತ್ತು. 2007ರಲ್ಲಿ ಎತ್ತರದ ಪ್ರದೇಶದಲ್ಲಿ ಚಕ್ರ ಎತ್ತುವಾಗ ಸೊಂಟನೋವು ಆರಂಭ, ಅಂದಿನಿಂದ ಮರುಕಳಿಸುತ್ತಿದೆ ಎಂಬುದು ಅದರ ಸಾರ. ಅಂದು ಆ ಯುವ ವೈದ್ಯರು ನನ್ನ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕುಳಿತು, ಈ ನೋವು ಮೊಟ್ಟಮೊದಲು ಯಾವಾಗ ಬಂತು ಎಂದು ಕೇಳಿದ್ದು ನೆನಪಾಯಿತು. ನನ್ನ ಉತ್ತರವನ್ನು ಅವರು ಬರೆದುಕೊಂಡದ್ದು ಮಾತ್ರ ನನಗೆ ನೆನಪಿರಲಿಲ್ಲ. ಬಿಡುಗಡೆ ಮಂಡಳಿಯ ಕಡತದಲ್ಲೇ ಇದ್ದ ಆ ಸಾಲನ್ನು ಮಂಡಳಿ ಓದಿರಲಿಲ್ಲ, ಅಥವಾ ಓದಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಾಗದಗಳು ಬಂದ ಮೇಲೆ ಸುಬೇದಾರ್ ಸಾಹೇಬರು ನನಗೆ ನಿಯಮಗಳನ್ನು ಓದಿಸಿದರು. ಅಂಗವೈಕಲ್ಯದ ಅಂಶ, ಅಂದರೆ ಮಾಮೂಲು ಪಿಂಚಣಿಯ ಜೊತೆಗೆ ಬರುವ ಮೊತ್ತ, ಸಿಗಬೇಕಾದರೆ ಎರಡು ಷರತ್ತುಗಳಿವೆ: ಕಾಯಿಲೆ ಸೇವೆಯಿಂದ ಉಂಟಾಗಿರಬೇಕು ಅಥವಾ ಉಲ್ಬಣಗೊಂಡಿರಬೇಕು, ಮತ್ತು ಅದರ ಪ್ರಮಾಣ 20 ಪ್ರತಿಶತಕ್ಕೆ ಕಡಿಮೆ ಇರಬಾರದು. ಉಂಟಾಗುವುದು ಬೇರೆ, ಉಲ್ಬಣಗೊಳ್ಳುವುದು ಬೇರೆ; ಎರಡರಲ್ಲಿ ಒಂದು ಸಾಬೀತಾದರೆ ಸಾಕು. ನಮ್ಮಲ್ಲಿ ಬಹಳಷ್ಟು ಮಂದಿ ಮೊದಲನೆಯದನ್ನೇ ಹಿಡಿದು ವಾದಿಸಿ ಸೋಲುತ್ತಾರೆ. ಬೆನ್ನೆಲುಬಿನ ಸವೆತ ವಯಸ್ಸಾದಂತೆ ಯಾರಿಗಾದರೂ ಬರಬಹುದು ಎಂಬ ಮಾತನ್ನು ಪೂರ್ತಿ ಅಲ್ಲಗಳೆಯಲಾಗದು. ಆದರೆ ಅದೇ ಸವೆತವನ್ನು ಜೋಜಿಲಾದ ರಸ್ತೆ ಹೆಚ್ಚಿಸಲಿಲ್ಲ ಎಂದು ಹೇಳುವುದು ಕಷ್ಟ. ಹಾಗಾಗಿ ನನ್ನ ವಾದವನ್ನು ನಾವು ಉಲ್ಬಣದ ಮೇಲೆಯೇ ಕಟ್ಟಿದೆವು.

ಎರಡನೆಯ ಆಧಾರ ಸರ್ವೋಚ್ಚ ನ್ಯಾಯಾಲಯದ ತೀರ್ಪು. 2013ರ ಜುಲೈ 2ರಂದು ಧರಮವೀರ್ ಸಿಂಗ್ ಪ್ರಕರಣದಲ್ಲಿ ನ್ಯಾಯಾಲಯವು, ಸೇರ್ಪಡೆಯ ಸಮಯದಲ್ಲಿ ಯಾವ ಕಾಯಿಲೆಯನ್ನೂ ದಾಖಲಿಸಿಲ್ಲದಿದ್ದರೆ ಆ ಸೈನಿಕ ಆರೋಗ್ಯವಂತನಾಗಿಯೇ ಸೇರಿದನೆಂದು ಭಾವಿಸಬೇಕೆಂದೂ, ಮುಂದೆ ಅವನ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲೇ ಎಂದು ಊಹಿಸಬೇಕೆಂದೂ, ಹಾಗಲ್ಲವೆಂದು ಹೇಳುವ ವೈದ್ಯಕೀಯ ಮಂಡಳಿ ಕಾರಣಗಳನ್ನು ದಾಖಲಿಸಬೇಕೆಂದೂ, ಸಾಬೀತುಪಡಿಸುವ ಹೊಣೆ ಸೈನಿಕನ ಮೇಲಿಲ್ಲವೆಂದೂ ಹೇಳಿದೆ. 1994ರಲ್ಲಿ ನನ್ನನ್ನು ಪರೀಕ್ಷಿಸಿದ ವೈದ್ಯರು ಪೂರ್ಣ ಆರೋಗ್ಯವಂತ ಎಂದು ಬರೆದ ಹಾಳೆ ಈಗ ನನ್ನ ಕೈಯಲ್ಲಿತ್ತು. 19 ವರ್ಷದ ನನ್ನ ಎತ್ತರ, ತೂಕ, ಎದೆಯ ಸುತ್ತಳತೆ ಅದರಲ್ಲಿದ್ದವು.

ಮೊದಲ ಮೇಲ್ಮನವಿಯನ್ನು ನಿರಾಕರಣೆಯ ಆರು ತಿಂಗಳೊಳಗೆ, 2019ರ ಜನವರಿಯಲ್ಲಿ ಕಳುಹಿಸಿದೆ. ಅದೇ ವರ್ಷದ ನವೆಂಬರಿನಲ್ಲಿ ತಿರಸ್ಕಾರವಾಯಿತು. ಎರಡನೆಯದು 2020ರ ಜನವರಿಯಲ್ಲಿ ಹೋಗಿ ಡಿಸೆಂಬರಿನಲ್ಲಿ ತಿರಸ್ಕಾರವಾಯಿತು. ಎರಡರಲ್ಲೂ ಶಾಂತಿ ಕ್ಷೇತ್ರದ ಅದೇ ವಾಕ್ಯವಿತ್ತು, ಕೇಸ್ ಶೀಟಿನ ಸಾಲಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಈ ಎರಡು ವರ್ಷಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಕಾದೆ ಎಂಬುದನ್ನು ಬಿಟ್ಟು. ಮೇಲ್ಮನವಿಗೆ ಆರು ತಿಂಗಳಾದರೂ ಉತ್ತರ ಬಾರದಿದ್ದರೆ ನೇರವಾಗಿ ನ್ಯಾಯಮಂಡಳಿಗೆ ಹೋಗಲು ಕಾನೂನಿನಲ್ಲಿ ಅವಕಾಶವಿದೆ ಎಂಬುದು ನನಗೆ ತಿಳಿದದ್ದು ತಡವಾಗಿ.

ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2007ರ ಕಾಯ್ದೆಯಿಂದ ಹುಟ್ಟಿ 2009ರಲ್ಲಿ ಕೆಲಸ ಆರಂಭಿಸಿತು. ಅದಕ್ಕೂ ಮೊದಲು ಇಂಥ ತಕರಾರುಗಳನ್ನು ಹಿಡಿದು ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಿತ್ತು. ನಮ್ಮ ರಾಜ್ಯ ಅದರ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಒಬ್ಬ ನ್ಯಾಯಾಂಗ ಸದಸ್ಯರು ಮತ್ತು ಸೈನ್ಯದ ಹಿರಿಯ ಹುದ್ದೆಯಲ್ಲಿದ್ದು ಬಂದ ಒಬ್ಬ ಆಡಳಿತ ಸದಸ್ಯರು ಕೂಡಿ ಅಲ್ಲಿ ಪ್ರಕರಣ ಕೇಳುತ್ತಾರೆ. ಅರ್ಜಿದಾರ ತಾನೇ ವಾದಿಸಬಹುದು, ವಕೀಲರನ್ನೂ ಇಡಬಹುದು. ನಾನು ಸೈನಿಕ ಪ್ರಕರಣಗಳನ್ನೇ ನಡೆಸುವ ವಕೀಲರೊಬ್ಬರ ಮೂಲಕ 2021ರ ಮಾರ್ಚ್‌ನಲ್ಲಿ ಅರ್ಜಿ ಸಲ್ಲಿಸಿದೆ. ಸಾಂಕ್ರಾಮಿಕದ ಕಾರಣ ಕೆಲವು ದಿನಾಂಕಗಳು ಮುಂದಕ್ಕೆ ಹೋದವು. ನಂತರ ನಾಲ್ಕು ಸಲ ಕೊಚ್ಚಿಗೆ ಹೋದೆ. ಬರಲೇಬೇಕೆಂದು ವಕೀಲರು ಹೇಳಿರಲಿಲ್ಲ, ಆದರೆ ನನ್ನ ಬೆನ್ನಿನ ವಿಷಯ ಮಾತನಾಡುವಾಗ ನಾನು ಅಲ್ಲಿರಬೇಕು ಎನಿಸುತ್ತಿತ್ತು. ಅಷ್ಟು ದೂರ ಕುಳಿತೇ ಹೋಗುವುದು ನನ್ನಿಂದ ಆಗುವುದಿಲ್ಲ. ಹಾಸನ ಬಿಟ್ಟ ಮೇಲೆ ಒಂದು ಗಂಟೆ ಕುಳಿತರೆ, ಮತ್ತೆ ಅಷ್ಟು ಹೊತ್ತು ಬಸ್ಸಿನಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಿದ್ದೆ. ಸೀಟು ಖಾಲಿಯಿದ್ದರೂ ನಿಂತವನನ್ನು ಕಂಡಕ್ಟರು ಪ್ರತಿ ಸಲವೂ ಕೂರಲು ಹೇಳುತ್ತಿದ್ದರು.

ಅಂತಿಮ ವಿಚಾರಣೆ ನಡೆದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ. ಸರ್ಕಾರದ ಪರ ವಕೀಲರು ಎರಡು ವಿಷಯ ಹೇಳಿದರು: ರೋಗ ಶಾಂತಿ ಕ್ಷೇತ್ರದಲ್ಲಿ ಕಾಣಿಸಿಕೊಂಡಿದೆ, ಮತ್ತು ಅರ್ಜಿದಾರನೇ ತನ್ನ ಹೇಳಿಕೆಯಲ್ಲಿ ಸೇವೆ ಕಾರಣವಲ್ಲವೆಂದು ಒಪ್ಪಿ ಸಹಿ ಮಾಡಿದ್ದಾನೆ. ಆ ಎರಡನೆಯ ಮಾತು ಕೇಳಿದಾಗ ನನ್ನ ಕಿವಿ ಬಿಸಿಯಾಯಿತು, ಏಕೆಂದರೆ ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಅಕ್ಷರ ನನ್ನದೇ. ನಮ್ಮ ವಕೀಲರು 2011ರ ಕೇಸ್ ಶೀಟಿನ ಪುಟವನ್ನು ತೆರೆದು ಪೀಠದ ಮುಂದಿಟ್ಟರು. ಪಿಂಚಣಿಯ ಯೋಚನೆಯೇ ಇಲ್ಲದ ಕಾಲದಲ್ಲಿ, ಚಿಕಿತ್ಸೆಗೆ ಬಂದ ರೋಗಿ ಹೇಳಿದ್ದನ್ನು ಸೈನ್ಯದ ವೈದ್ಯರೇ ದಾಖಲಿಸಿದ್ದಾರೆ, ಬಿಡುಗಡೆಯ ಆತುರದಲ್ಲಿ ಬರೆದ ಒಂದು ಪದಕ್ಕಿಂತ ಇದಕ್ಕೆ ಹೆಚ್ಚು ತೂಕವಿರಬೇಕು ಎಂದರು. ಆಡಳಿತ ಸದಸ್ಯರು ಪೋಸ್ಟಿಂಗ್ ಪಟ್ಟಿಯನ್ನು ತರಿಸಿಕೊಂಡು ನೋಡಿ, ಆ ರಸ್ತೆಯಲ್ಲಿ ಎಷ್ಟು ಬೇಸಿಗೆ ಓಡಿಸಿದ್ದೀರಿ ಎಂದು ನನ್ನನ್ನೇ ಕೇಳಿದರು. ಎರಡು ಎಂದೆ. ಅವರು ಪುಟವನ್ನು ಇನ್ನೊಮ್ಮೆ ನೋಡಿದರು.

2022ರ ಆಗಸ್ಟ್‌ನಲ್ಲಿ ಆದೇಶ ಬಂತು. ಕಾಯಿಲೆ ಸೇವೆಯಿಂದ ಉಲ್ಬಣಗೊಂಡದ್ದು, ಅಂಗವೈಕಲ್ಯದ ಅಂಶವನ್ನು ನಿವೃತ್ತಿಯ ಮರುದಿನದಿಂದಲೇ ಕೊಡಬೇಕು, ಪ್ರಮಾಣವನ್ನು 20ರಿಂದ 50 ಪ್ರತಿಶತಕ್ಕೆ ಏರಿಸಬೇಕು, ನಾಲ್ಕು ತಿಂಗಳೊಳಗೆ ಪಾವತಿಯಾಗದಿದ್ದರೆ ವಾರ್ಷಿಕ 8 ಪ್ರತಿಶತ ಬಡ್ಡಿ ಸೇರಿಸಬೇಕು ಎಂದು ಅದರಲ್ಲಿತ್ತು. 20 ಏಕೆ 50 ಆಯಿತು ಎಂದು ಹಲವರು ನನ್ನನ್ನು ಕೇಳಿದ್ದಾರೆ. 50ಕ್ಕಿಂತ ಕಡಿಮೆ ಇರುವುದನ್ನು 50 ಎಂದೂ, 50ರಿಂದ 75ರವರೆಗಿನದನ್ನು 75 ಎಂದೂ, ಅದಕ್ಕಿಂತ ಹೆಚ್ಚಿನದನ್ನು 100 ಎಂದೂ ಪರಿಗಣಿಸುವ ನಿಯಮವಿದೆ. ಅವಧಿ ಮುಗಿಸಿ ನಿವೃತ್ತರಾದವರಿಗೂ ಅದು ಅನ್ವಯಿಸುತ್ತದೆ ಎಂಬುದು ಸರ್ವೋಚ್ಚ ನ್ಯಾಯಾಲಯ 2014ರ ಡಿಸೆಂಬರ್ 10ರಂದು ರಾಮ್ ಅವತಾರ್ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಗಟ್ಟಿಯಾಯಿತು. ಪೂರ್ಣ ಅಂಗವೈಕಲ್ಯಕ್ಕೆ ಕೊನೆಯ ವೇತನದ 30 ಪ್ರತಿಶತ ಸಿಗುತ್ತದೆ, ಉಳಿದವರಿಗೆ ಅದೇ ಅನುಪಾತದಲ್ಲಿ. ಕೊನೆಯ ವೇತನ 45,000 ರೂಪಾಯಿ ಇದ್ದವನಿಗೆ 20 ಪ್ರತಿಶತವೆಂದರೆ ತಿಂಗಳಿಗೆ 2,700 ರೂಪಾಯಿ, 50 ಪ್ರತಿಶತವೆಂದರೆ 6,750 ರೂಪಾಯಿ, ಅದರ ಮೇಲೆ ತುಟ್ಟಿಭತ್ಯೆ. ಮಾಮೂಲು ಪಿಂಚಣಿಯ ಜೊತೆಗೆ ಬರುವ ಈ ಹಣ ನನ್ನ ಫಿಸಿಯೋಥೆರಪಿಗೆ ಹೋಗಿ ಬರುವ ಖರ್ಚನ್ನೂ, ನಾನು ಮಾಡಲಾಗದ ಗದ್ದೆ ಕೆಲಸಕ್ಕೆ ಆಳಿನ ಕೂಲಿಯನ್ನೂ ಭರಿಸುತ್ತದೆ.

ಆದೇಶ ಬಂದರೂ ಹಣ ಬರಲು ಇನ್ನೂ ಒಂಬತ್ತು ತಿಂಗಳು ಹಿಡಿಯಿತು. ನಾಲ್ಕು ತಿಂಗಳು ಕಳೆದ ಮೇಲೆ ಆದೇಶದ ಜಾರಿಗಾಗಿ ಮತ್ತೊಂದು ಅರ್ಜಿ ಹಾಕಬೇಕಾಯಿತು. 2023ರ ಮೇ ತಿಂಗಳಲ್ಲಿ ಪರಿಷ್ಕೃತ ಪಿಂಚಣಿ ಆದೇಶ ಬಂದಾಗ ಹೆಂಡತಿ ಮೊತ್ತವನ್ನು ಕೇಳಲಿಲ್ಲ, ಉಲ್ಬಣಗೊಂಡದ್ದು ಎಂಬ ಪದ ಎಲ್ಲಿದೆ ತೋರಿಸಿ ಎಂದಳು. ಬೆರಳಿಟ್ಟು ತೋರಿಸಿದೆ.

2023ರ ಸೆಪ್ಟೆಂಬರ್ 21ರಿಂದ ಈಚೆಗೆ ನಿವೃತ್ತರಾಗುವವರಿಗೆ ಹೊಸ ಅರ್ಹತಾ ನಿಯಮಗಳು ಬಂದಿವೆ, ಆದ್ದರಿಂದ ನನ್ನ ಪ್ರಕರಣದ ವಾದವನ್ನು ಹಾಗೆಯೇ ನಕಲು ಮಾಡಬಾರದು. ಆದರೆ ಸ್ವಂತ ಹೇಳಿಕೆಯ ಆ ಕಾಲಂನಲ್ಲಿ ಬರೆಯುವವನು ಇಂದಿಗೂ ಸೈನಿಕನೇ. ಕಳೆದ ತಿಂಗಳು ನಮ್ಮ ಪಕ್ಕದ ಬೀದಿಯ ಹುಡುಗ ರಜೆಗೆ ಬಂದಿದ್ದ. ಅವನೂ ಚಾಲಕ, ಅವನಿಗೂ ಸೊಂಟದ ಡಿಸ್ಕ್, ಮುಂದಿನ ಮಾರ್ಚ್‌ನಲ್ಲಿ ಬಿಡುಗಡೆಯ ಮಂಡಳಿ. “ಅಣ್ಣಾ, ಅಲ್ಲಿ ಏನು ಬರೀಬೇಕು?” ಎಂದು ಕೇಳಿದ. ಎರಡು ಸಂಜೆ ನಮ್ಮ ಜಗಲಿಯಲ್ಲಿ ಕುಳಿತು, ಅವನು ಯಾವ ವರ್ಷ ಎಲ್ಲಿದ್ದ, ಯಾವ ಗಾಡಿ ಓಡಿಸಿದ, ಏನು ಎತ್ತುವಾಗ ಮೊದಲು ನೋವು ಬಂತು, ಯಾವ ಎಂಐ ರೂಮಿನಲ್ಲಿ ಯಾವ ತಾರೀಖಿಗೆ ತೋರಿಸಿದ ಎಂಬುದನ್ನೆಲ್ಲ ಕೇಳಿ ಕೇಳಿ ಬರೆಸಿದೆ. ಒಂದೂವರೆ ಪುಟವಾಯಿತು. ಅದರ ಒಂದು ಪ್ರತಿಯನ್ನು ಅವನು ತೆಗೆದುಕೊಂಡು ಹೋದ, ಇನ್ನೊಂದು ನನ್ನ ಟ್ರಂಕಿನಲ್ಲಿದೆ.